ಮೂರು ಕಿಲೋ ಸೀಸ

ತೂಕದ ಯಂತ್ರ ಹತ್ತುವ ಮೊದಲು ಫಿಂಟನ್ ತನ್ನ ಸೊಂಟವನ್ನು ಇನ್ನೊಮ್ಮೆ ಮುಟ್ಟಿ ನೋಡಿಕೊಂಡ. ಹಳೆಯ ಕಿಟಕಿಗೆ ಭಾರಕ್ಕೆಂದು ಕಟ್ಟಿದ್ದನ್ನು ಬಿಚ್ಚಿ ತಂದ ಮೂರು ಕಿಲೋ ಸೀಸ ಒಳಚಡ್ಡಿಯ ಪಟ್ಟಿಯಲ್ಲಿ ಭದ್ರವಾಗಿತ್ತು. ಬೆಳಿಗ್ಗೆ ದನದ ಕೊಟ್ಟಿಗೆಯಲ್ಲಿ ಕೂತು, ಗೋಣಿದಾರದಲ್ಲಿ ತಾನೇ ಹೊಲಿದದ್ದು. ಹಗ್ಗ ಜಗ್ಗುವವರೆಲ್ಲ ಒಂದಿಷ್ಟು ತೂಕ ಮುಚ್ಚಿಡಲು ನೋಡುತ್ತಾರೆ. ಇಲ್ಲದ ತೂಕ ಕಟ್ಟಿಕೊಂಡು ಬಂದ ಮಹಾನುಭಾವ ಇಡೀ ಐರ್ಲೆಂಡಿನಲ್ಲಿ ತಾನೊಬ್ಬನೇ ಇರಬೇಕು ಅನ್ನಿಸಿ ನಗು ಬಂತು. ನಕ್ಕರೆ ಚಡ್ಡಿ ಜಾರುತ್ತದೆಂದು ತಡೆದುಕೊಂಡ.

“ತೊಂಬತ್ತು,” ಎಂದಳು ಅಸಂಪ್ಟಾ. ಊರಿನ ಪಬ್ಬು ಅವಳದು. ಜಿಲ್ಲಾ ಪಂದ್ಯದ ದಿನ ತೂಕ ನೋಡುವ ಜವಾಬ್ದಾರಿಯೂ ಅವಳದೇ. ತೂಗಿದವರ ತೊಡೆಯ ಮೇಲೆ ಅವಳು ನೇರಳೆ ಶಾಯಿಯ ಮುದ್ರೆ ಒತ್ತಬೇಕು. ಮುದ್ರೆ ಇಲ್ಲದವನು ಹಗ್ಗ ಮುಟ್ಟುವಂತಿಲ್ಲ.

“ತೊಂಬತ್ತಾ!” ಕೋಚ್ ಲೋರ್ಕನ್ ತಲೆಯ ಮೇಲೆ ಕೈಯಿಟ್ಟ. “ಎಂಬತ್ತೇಳು ಇರ್ಬೇಕಿತ್ತಲ್ಲೋ ಮಾರಾಯ! ಎಂಟೂ ಜನ ಸೇರಿ ಆರುನೂರ ಎಂಬತ್ತು ದಾಟಬಾರ್ದು. ಈಗ ಆರುನೂರ ಎಂಬತ್ತಮೂರಾಯ್ತು. ಮನೆಗೆ ಹೋಗಿ ಆಲೂಗಡ್ಡೆ ಸುಲಿಯೋದೇ ಇನ್ನು.”

ಲೋರ್ಕನ್ನನದು ತಪ್ಪಿಲ್ಲ. ಏಳು ತಿಂಗಳ ಹಿಂದೆ ಕುಡಿತ ಬಿಟ್ಟಾಗ ಫಿಂಟನ್ ನೂರ ಹನ್ನೆರಡು ಕಿಲೋ ಇದ್ದ. ಅವನ ಹೊಟ್ಟೆಗೆ ಜಾಗ ಮಾಡಿಕೊಡಲು ಉಳಿದ ಏಳು ಜನ ವರ್ಷಗಟ್ಟಲೆ ಅರೆಹೊಟ್ಟೆ ಉಂಡಿದ್ದರು. ಬಿಟ್ಟ ಮೇಲೆ ತಿಂಗಳಿಗೆ ಮೂರು ನಾಲ್ಕು ಕಿಲೋ ಇಳಿಯತೊಡಗಿದ. ಇಳಿದದ್ದನ್ನೆಲ್ಲ ಲೋರ್ಕನ್ ಪ್ರಸಾದದಂತೆ ಉಳಿದವರಿಗೆ ಹಂಚಿದ. ಈ ತಿಂಗಳ ಮೂರನ್ನಂತೂ ಫಿಂಟನ್ನನಿಗೂ ಹೇಳದೆ, ಇಳಿಯುವ ಮೊದಲೇ ಹಂಚಿಬಿಟ್ಟಿದ್ದ.

ಊರೆಲ್ಲ ಬೆನ್ನು ತಟ್ಟಿತು. ಪಾದ್ರಿಗಳು ಭಾನುವಾರದ ಪ್ರವಚನದಲ್ಲಿ ಹೆಸರು ಹಿಡಿದು ಹೊಗಳಿದರು. ಐವತ್ತೆರಡು ವರ್ಷ ಏನೇನೋ ಮಾಡಿಯೂ ಸಿಗದ ಹೊಗಳಿಕೆ ಒಂದನ್ನು ಬಿಟ್ಟಿದ್ದಕ್ಕೆ ಸಿಕ್ಕಿತ್ತು. ಅಂಥ ಹೊತ್ತಿನಲ್ಲಿ, ‘ಸ್ವಾಮೀ, ನಾನು ಇಬ್ಬರ ಊಟ ಉಣ್ಣುತ್ತಿದ್ದೇನೆ, ಆದರೂ ಕರಗುತ್ತಿದ್ದೇನೆ’ ಎಂದು ಹೇಳಲು ಯಾರಿಗೆ ಬಾಯಿ ಬರುತ್ತದೆ? ಹೇಳಿದರೆ ಹಗ್ಗದ ಕೊನೆಯ ಆಳಿನ ಜಾಗ ಹೋಗುತ್ತದೆ. ಅದು ಹೋದರೆ ಸಂಜೆಗಳಿಗೆ ಉಳಿಯುವುದು ಪಬ್ಬಿನ ಬಾಗಿಲು. ಅವನಿಗೆ ಭಯವಾಗಿತ್ತು, ನಿಜವಾಗಿಯೂ ಭಯವಾಗಿತ್ತು. ಅದಕ್ಕೆ ಕಂಡುಕೊಂಡ ಔಷಧಿ ಸೀಸ. ಹೋದ ತಿಂಗಳ ತೊಂಬತ್ತು ಈ ತಿಂಗಳೂ ತೊಂಬತ್ತೇ ಆಗಿದ್ದರೆ, ತಾನೂ ಅದನ್ನು ನಂಬಬಹುದಿತ್ತು.

“ಇನ್ನು ಇಪ್ಪತ್ತು ನಿಮಿಷ ಇದೆ,” ಎಂದಳು ಅಸಂಪ್ಟಾ.

ಲೋರ್ಕನ್ ಏಳು ಜನರಿಗೂ ಕಸ ತುಂಬುವ ಕಪ್ಪು ಚೀಲ ತೊಡಿಸಿ, ಬೆವರಲಿ ಎಂದು ಮೈದಾನ ಸುತ್ತಲು ಅಟ್ಟಿದ. ಒಬ್ಬ ತಲೆ ಬೋಳಿಸಿಕೊಳ್ಳಲು ಕುರಿಯ ಉಣ್ಣೆ ತೆಗೆಯುವ ಕತ್ತರಿ ಇದೆಯಾ ಎಂದು ಕೇಳುತ್ತಲೇ ಓಡಿದ. ಫಿಂಟನ್ ಎರಡು ಸುತ್ತು ನೋಡಿದ. ತನ್ನ ಸೊಂಟದ ಸೀಸವನ್ನು ಏಳು ಜನ ಬೆವರಾಗಿ ಇಳಿಸಲು ಒದ್ದಾಡುತ್ತಿದ್ದರು. ಮೂರನೇ ಸುತ್ತು ನೋಡಲಾಗಲಿಲ್ಲ.

“ಇನ್ನೊಂದ್ಸಲ ತೂಗು,” ಎಂದ. ಆ ಕಡೆ ತಿರುಗಿ ದಾರ ಕಿತ್ತು, ಸೀಸದ ತುಂಡುಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟ. ಒಂದು ಕೈಯಲ್ಲಿ ಚಡ್ಡಿ ಹಿಡಿದುಕೊಂಡು ಯಂತ್ರ ಹತ್ತಿದ.

ಎಂಬತ್ತೇಳು. ಲೋರ್ಕನ್ ಕುಣಿದಾಡಿಬಿಟ್ಟ. “ಒತ್ತಮ್ಮ ಮುದ್ರೆ, ಬೇಗ ಒತ್ತು!”

ಅಸಂಪ್ಟಾ ಒತ್ತಲಿಲ್ಲ. “ಇದನ್ಯಾಕೋ ಕಟ್ಕೊಂಡಿದ್ದೆ?”

“ಗಾಳಿಗೆ ಹಾರಿ ಹೋಗ್ಬಾರ್ದಲ್ಲ, ಅದಕ್ಕೆ.”

“ಊಟ ಮಾಡ್ತಿದೀಯಾ?”

“ಬೆಳಿಗ್ಗೆ ಎಂಟು ಸಾಸೇಜು, ನಾಕು ಮೊಟ್ಟೆ.”

“ಬಾಯಾರಿಕೆ?”

“ನಿನ್ನ ಪಬ್ಬಲ್ಲಿ ಇದ್ದಷ್ಟೇ. ಈಗ ನೀರು ಕುಡಿತೀನಿ, ಅಷ್ಟೇ.”

“ನಿನ್ನ ಹಸು ಹಿಂಗೆ ಮೇದು ಹಿಂಗೆ ಇಳಿದ್ರೆ ಏನ್ಮಾಡ್ತಿದ್ದೆ?”

ಫಿಂಟನ್ ನಗಲು ಹೋದ. “ಮಾರನೇ ದಿನಾನೇ ಡಾಕ್ಟ್ರನ್ನ ಕರೆಸ್ತಿದ್ದೆ. ಹಸು ಹಾಲಾದ್ರೂ ಕೊಡುತ್ತೆ ಕಣೇ. ನಾನೇನ್ ಕೊಡ್ತೀನಿ?”

ಅವಳು ನಗಲಿಲ್ಲ. “ಇಪ್ಪತ್ತು ವರ್ಷ ನಿಂಗೆ ಸುರಿದೆ. ಒಂದಿನಾನೂ ಹೆಂಗಿದೀಯಾ ಅಂತ ಕೇಳ್ಲಿಲ್ಲ. ಈಗ ಕೇಳ್ತಿದೀನಿ. ರಜೆ ದಿನಾನೂ ತೆಗೆದಿರೋ ಡ್ಯೂಟಿ ಕ್ಲಿನಿಕ್ಕಿಗೆ ಫೋನ್ ಮಾಡು. ಮಾಡೋವರೆಗೂ ಮುದ್ರೆ ಇಲ್ಲ.”

ಲೋರ್ಕನ್ ಮೇಜಿನ ಮೇಲಿನ ಸೀಸ ನೋಡಿದ. ಮೈದಾನದ ಕಡೆಗೆ ಸಾಕೆಂದು ಕೈಬೀಸಿದ. ಓಡುತ್ತಿದ್ದ ಏಳು ಜನರೂ ಚೀಲದೊಳಗೆ ಏದುಸಿರು ಬಿಡುತ್ತಾ ಬಂದು ಸುತ್ತ ನಿಂತರು.

ಫಿಂಟನ್ ಫೋನ್ ಮಾಡಿದ. ನರ್ಸ್ ಎಲ್ಲ ಕೇಳಿಕೊಂಡಳು. ಕೊನೆಗೆ, “ಕುಡೀತೀರಾ?” ಎಂದಳು.

“ದಿನಕ್ಕೆ ಎರಡೇ ಗ್ಲಾಸು,” ಎಂದುಬಿಟ್ಟ ಫಿಂಟನ್. ದಿನಕ್ಕೆ ಹನ್ನೆರಡು ಇಳಿಸುತ್ತಿದ್ದ ಕಾಲದಲ್ಲಿ ಡಾಕ್ಟರಿಗೆ ಒಪ್ಪಿಸುತ್ತಿದ್ದ ಪಾಠ ಅದು. ಒಂದೂ ಕುಡಿಯದ ಈ ಹೊತ್ತಿನಲ್ಲೂ ನಾಲಿಗೆ ಹಳೆ ದಾರಿಯನ್ನೇ ಹಿಡಿದಿತ್ತು.

ಅಸಂಪ್ಟಾ ಫೋನ್ ಕಿತ್ತುಕೊಂಡಳು. “ಸುಳ್ಳು ಹೇಳ್ತಿದಾನೆ ಸಿಸ್ಟರ್, ಬರ್ಕೋಬೇಡಿ. ಏಳು ತಿಂಗಳಿಂದ ಒಂದು ಹನಿ ಮುಟ್ಟಿಲ್ಲ. ನಾನ್ಯಾರಾ? ಪಬ್ಬಿನವಳು. ನನಗೆ ಗೊತ್ತಿಲ್ದೆ ಇನ್ಯಾರಿಗೆ ಗೊತ್ತಿರುತ್ತೆ?”

ನರ್ಸ್ ಅವನ ತೂಕ ಎಷ್ಟೆಂದು ಕೇಳಿದಳು. ಅಸಂಪ್ಟಾ ಯಂತ್ರದ ಮುಳ್ಳನ್ನು ನೋಡಿದಳು, ಚಡ್ಡಿ ಹಿಡಿದುಕೊಂಡು ನಿಂತವನನ್ನು ನೋಡಿದಳು.

“ಎಂಬತ್ತೇಳು,” ಎಂದಳು. “ಸೀಸ ತೆಗೆದ ಮೇಲೆ.”