ನಾಲ್ಕು ಬೆರಳುದ್ದ ಫಿಲ್ಮು

ಚುಕ್ಕೆಗಳು ಲುವೆಲ್ಲಾಳ ಮುಖದ ಮೇಲಿದ್ದವು. ಅವಳ ಹಿಂದಿನ ಗೋಡೆಯ ಮೇಲೆ ಒಂದೂ ಇರಲಿಲ್ಲ.

ಕಪ್ಪು ಗುಡಾರದೊಳಗೆ ಓರಿನ್ ಫಿಲ್ಮಿನ ತುಂಡನ್ನು ಕೆಂಪು ದೀಪಕ್ಕೆ ಹಿಡಿದು ಮತ್ತೊಮ್ಮೆ ನೋಡಿದ. ದೃಶ್ಯ ಮುಗಿದೊಡನೆ ರೀಲಿನ ತುದಿಯಿಂದ ನಾಲ್ಕು ಬೆರಳುದ್ದ ಕತ್ತರಿಸಿ, ಅಲ್ಲೇ ತೊಳೆದು, ಬೆಳಕು ಸರಿಬಿದ್ದಿದೆಯೇ ಎಂದು ನೋಡಿಕೊಳ್ಳುವುದು ಕ್ಯಾಮೆರಾದವರ ಪದ್ಧತಿ. ಆ ತುಂಡಿನಲ್ಲಿ ಲೋಕವೆಲ್ಲ ತಿರುಗುಮುರುಗು: ಬಿಳಿ ಮುಖ ಇದ್ದಿಲು, ಕಪ್ಪು ಕೂದಲು ಹಿಮ. ಆ ಇದ್ದಿಲು ಮುಖದಲ್ಲಿ, ಕುತ್ತಿಗೆಯಲ್ಲಿ, ಮುಂಗೈಗಳಲ್ಲಿ ಸೂಜಿಯಿಂದ ಚುಚ್ಚಿದ ಹಾಗೆ ಬೆಳಕಿನ ಚುಕ್ಕೆಗಳು. ತೊಳೆಯುವ ನೀರಿನ ಗುಳ್ಳೆ ಕೂತರೂ ಹೀಗೇ ಕಾಣುತ್ತದೆ. ಆದರೆ ಗುಳ್ಳೆಗೆ ಮುಖ ಯಾವುದು ಗೋಡೆ ಯಾವುದು ಗೊತ್ತಿಲ್ಲ, ಎಲ್ಲೆಂದರಲ್ಲಿ ಕೂರುತ್ತದೆ. ಇವೋ, ಅವಳು ಮುಖ ತಿರುಗಿಸಿದಂತೆ ತಾವೂ ತಿರುಗಿದ್ದವು. ತಿರುಗಿ, ಬಗ್ಗಿ, ಅವಳ ತೊಡೆಯ ಮೇಲಿದ್ದ ಮಗುವಿನ ಕೆನ್ನೆಗೆ ಒತ್ತಿಕೊಂಡಿದ್ದವು.

ಮಗು ಓರಿನನದೇ. ಏಳು ತಿಂಗಳ ಪರ್ಲ್. ಒಂದು ದಿನದ ಚಿತ್ರಕ್ಕೆಂದು ಎರವಲು ಕೊಟ್ಟಿದ್ದ.

ಗುಡಾರದಿಂದ ಹೊರಬಂದರೆ ಕ್ಯಾಲಿಫೋರ್ನಿಯಾದ ಬಿಸಿಲು ಕಣ್ಣಿಗೆ ಹೊಡೆಯಿತು.

“ಏನು ಮಾರಾಯಾ, ಒಳಗೇ ಸಂಸಾರ ಹೂಡಿದ್ಯಾ?” ನಿರ್ದೇಶಕ ಡಿಕರ್ಸನ್ ಕೂಗಿದ. “ನೀನು ಬರೋ ತನಕ ಕಾಯೋಕೆ ಸೂರ್ಯ ಏನು ನಿಮ್ಮನೆ ಆಳಾ?”

ಲುವೆಲ್ಲಾ ಬಟ್ಟೆ ಒಗೆಯುವ ಬಡವಿಯ ವೇಷದಲ್ಲಿ, ಬಣ್ಣ ಹಚ್ಚದ ಮುಖದಲ್ಲಿ ಬೆಂಚಿನ ಮೇಲೆ ಕೂತು ಪರ್ಲಳನ್ನು ಕುಣಿಸುತ್ತಿದ್ದಳು. ಮುಖ ಹಾಲಿನಂತೆ ಬೆಳ್ಳಗೆ, ಒಂದು ಕಲೆಯೂ ಇಲ್ಲದೆ ಇತ್ತು.

“ಮಗೂನ ಇಲ್ಲಿ ಕೊಡು, ಲುವೆಲ್ಲಾ.”

“ಕೊಡಲ್ಲ ಹೋಗಿ. ಇವತ್ತು ಇವಳು ನನ್ನ ಮಗಳು. ನಿಮ್ಮ ಗಡ್ಡ ನೋಡಿದ್ರೆ ಬೆಚ್ಚಿಬೀಳ್ತಾಳೆ.”

“ಜ್ವರ ಇದೆಯಾ ನಿನಗೆ?”

“ಮೊನ್ನೆಯಿಂದ ಇತ್ತು, ಬೆಳಗ್ಗೆ ಬಿಡ್ತು. ಯಾಕೆ, ನಾನು ಚೆನ್ನಾಗಿ ಬಂದಿಲ್ವಾ? ಎಲ್ಲಿ, ತೋರಿಸಿ.”

ಅವನ ಕೈಯಿಂದ ತುಂಡನ್ನು ಕಿತ್ತುಕೊಂಡು ಬಿಸಿಲಿಗೆ ಹಿಡಿದಳು. “ಅಯ್ಯೋ, ಮುಖದ ತುಂಬಾ ನಕ್ಷತ್ರ!” ಎಂದು ನಕ್ಕಳು. ನಗು ಅರ್ಧಕ್ಕೇ ನಿಂತಿತು.

ಹೋದ ವಸಂತದಲ್ಲಿ ಮುದುಕ ನಟ ಎಜ್ರಾನ ತುಂಡಿನಲ್ಲೂ ಹೀಗೇ ಬಂದಿತ್ತು. “ತಾತನ ಮೀಸೇಲಿ ಮಿಣುಕುಹುಳ!” ಎಂದು ನಕ್ಕವಳು ಇವಳೇ. ತೊಳೆದ ತಟ್ಟೆಯನ್ನು ಬೈದು, ಗುಳ್ಳೆಯೆಂದು ತುಂಡನ್ನು ಎಸೆದವನು ಓರಿನ್. ಎರಡನೆಯ ದಿನ ಎಜ್ರಾನ ಮೈತುಂಬ ಸಿಡುಬು ಎದ್ದಿತು, ಹತ್ತನೆಯ ದಿನ ಶವಪೆಟ್ಟಿಗೆಯ ಮೇಲೆ ಸುಣ್ಣ ಸುರಿದರು. ಆಗಿನ ಫಿಲ್ಮು ಕೆಂಪನ್ನು ಅರಿಯದ ಕುರುಡಿ. ಚರ್ಮದಡಿಯಲ್ಲಿ ಇನ್ನೂ ಯಾರ ಕಣ್ಣಿಗೂ ಬೀಳದ ಕೆಂಪು ಕೂಡ ಅದಕ್ಕೆ ಒಂದೊಂದು ತೂತು. ಮಿನೆಸೋಟದ ಹಳ್ಳಿಗಳಲ್ಲಿ ಮದುಮಕ್ಕಳ ಫೋಟೋ, ಹೆಣಗಳ ಫೋಟೋ ಎರಡನ್ನೂ ತೆಗೆದು, ಆಮೇಲೆ ಒಂಬತ್ತು ವರ್ಷ ಸಿನಿಮಾ ಕ್ಯಾಮೆರಾದ ಹಿಡಿ ತಿರುಗಿಸಿದ ಓರಿನನಿಗೆ ಇದು ತಿಳಿಯಲು ಒಂದು ಸಾವು ಬೇಕಾಗಿತ್ತು.

ಲುವೆಲ್ಲಾ ಉಸಿರು ಬಿಗಿಹಿಡಿದು, ಮುಖ ಪಕ್ಕಕ್ಕೆ ತಿರುಗಿಸಿ, ಮಗುವನ್ನು ತೋಳುದ್ದ ದೂರಕ್ಕೆ ಚಾಚಿದಳು. “ತಗೊಳ್ಳಿ. ಬೇಗ.” ಆಮೇಲೆ ಮೆಲ್ಲಗೆ ಕೇಳಿದಳು: “ಎಷ್ಟು ಸಲ ಮುತ್ತು ಕೊಟ್ಟೆ, ಓರಿನ್ ಅವ್ರೇ?”

“ಮೂರು ಸಲ,” ಎಂದ. ಮೂರು ಸಲವೂ ಹಿಡಿ ತಿರುಗಿಸಿದ ಕೈ ಅವನದೇ.

ಮರುದಿನ ಅವಳ ಚುಕ್ಕೆಗಳು ಎಲ್ಲರಿಗೂ ಕಂಡವು. ಊರಾಚೆಯ ರೋಗಿಗಳ ಮನೆಗೆ ಸಾಗಿಸಿದರು. ಓರಿನನ ಬಾಗಿಲಿಗೆ, ಯಾರೂ ಒಳಹೊರಗೆ ಓಡಾಡಬಾರದೆಂಬ ಹಳದಿ ಚೀಟಿ ಅಂಟಿಸಿದರು. ಡಾಕ್ಟರು ಮಗುವಿಗೂ ತಾಯಿಗೂ ಲಸಿಕೆ ಹಾಕಿ, “ಹದಿನಾಲ್ಕು ದಿನ ಕಾಯಿರಿ, ಆಮೇಲೆ ಭಯವಿಲ್ಲ,” ಎಂದ. ಓರಿನ್ ತೋಳಿನ ಮೇಲಿನ ಗುರುತು ತೋರಿಸಿದ. “ನನಗೆ ಚಿಕ್ಕವನಿದ್ದಾಗಲೇ ಹಾಕಿಸಿದ್ರು.” ಮೂವತ್ತು ವರ್ಷದ ಹಳೆಯ ಗುರುತು; ಅದರ ಕಾವಲು ಎಷ್ಟು ವರ್ಷ ಎಂದು ಯಾರೂ ಕೇಳಲಿಲ್ಲ.

ಅಂದಿನಿಂದ ದಿನಾ ಬೆಳಗ್ಗೆ ಹಿತ್ತಲಿನ ಬಿಸಿಲಲ್ಲಿ ಕಂಬಳಿ ಹಾಸಿ, ಪರ್ಲಳನ್ನು ಕೂರಿಸಿ ತನ್ನ ಕ್ಯಾಮೆರಾ ತಿರುಗಿಸುವನು. ಲೆಕ್ಕ ತಪ್ಪದಿರಲೆಂದು ಬಾಯಲ್ಲಿ ಜೋಗುಳ. ಸೆಕೆಂಡಿಗೆ ಎರಡು ಸುತ್ತು. ಆಮೇಲೆ ನಾಲ್ಕು ಬೆರಳುದ್ದ ಕತ್ತರಿಸಿಕೊಂಡು, ಹಿತ್ತಲಲ್ಲೇ ಹೂಡಿದ ಕಪ್ಪು ಗುಡಾರ ಹೊಗುವನು.

“ಮಗು ಕಣ್ಣೆದುರೇ ಇದ್ಯಲ್ರೀ,” ಎನ್ನುವಳು ಹೆಂಡತಿ ಬರ್ಟೀನಾ. “ಅದನ್ನ ಬಿಟ್ಟು ಆ ತುಂಡಲ್ಲಿ ಏನು ಹುಡುಕ್ತೀರಿ?”

“ಕಣ್ಣಿಗೆ ತಡವಾಗಿ ಗೊತ್ತಾಗತ್ತೆ ಕಣೇ.”

ಹದಿನಾಲ್ಕನೆಯ ಬೆಳಗ್ಗೆ ಪರ್ಲ್ ಕಂಬಳಿಯ ಮೇಲೆ ಹಿಂದಕ್ಕೆ ವಾಲಿದಳು. ಬಲಗೈಯಲ್ಲಿ ಹಿಡಿ ತಿರುಗಿಸುತ್ತಲೇ ಓರಿನ್ ಎಡಗೈ ಚಾಚಿ ಅವಳ ಬೆನ್ನಿಗೆ ಆನಿಸಿದ. ನಾಲ್ಕು ದಿನದಿಂದ ಅವನಿಗೆ ಸೊಂಟನೋವು, ತಲೆಭಾರ, ನಿದ್ದೆಗೆಟ್ಟದ್ದಕ್ಕೆ ಎಂದುಕೊಂಡಿದ್ದ.

ಗುಡಾರದಲ್ಲಿ ಚಿತ್ರ ನಿಧಾನವಾಗಿ ಮೂಡಿತು. ಹಣೆ, ಕೆನ್ನೆ, ಪುಟ್ಟ ಮುಂಗೈ, ಎಲ್ಲಿಯೂ ಒಂದು ತೂತಿಲ್ಲ. ಮೂರು ಸಲ ನೋಡಿದ. ನಾಲ್ಕನೆಯ ಸಲ ನೋಡುವಾಗ ಅವನ ಕಣ್ಣು ಅಂಚಿನತ್ತ ಜಾರಿತು. ಮಗುವಿನ ಬೆನ್ನಿಗೆ ಆನಿಸಿದ ದೊಡ್ಡ ಕಪ್ಪು ಕೈ. ಗೆಣ್ಣುಗಳಿಂದ ಮಣಿಕಟ್ಟಿನವರೆಗೆ ಒತ್ತೊತ್ತಾಗಿ ಬೆಳಕಿನ ಚುಕ್ಕೆಗಳು. ತನ್ನ ಕೈಯನ್ನು ದೀಪದ ಹತ್ತಿರ ತಂದ. ಅದು ನಯವಾಗಿ, ಏನೂ ಆಗದ ಹಾಗಿತ್ತು.

“ಏನಾಯ್ತು? ಹೇಳ್ರೀ!” ಹೊರಗೆ ಬರ್ಟೀನಾಳ ದನಿ.

“ಮಗು ಚೆನ್ನಾಗಿದೆ.”

“ದೇವರು ದೊಡ್ಡವನು! ಮತ್ತೆ ಬನ್ನಿ ಹೊರಗೆ, ನೋಡಿ ಇವಳನ್ನ. ಅಪ್ಪ ಎತ್ಕೋಬೇಕಂತೆ, ಎರಡೂ ಕೈ ಚಾಚಿ ಕೂತಿದ್ದಾಳೆ.”

ಓರಿನ್ ಗುಡಾರದ ಬಾಗಿಲಿನ ದಾರಗಳನ್ನು ಒಳಗಿನಿಂದ ಒಂದೊಂದಾಗಿ ಬಿಗಿಯತೊಡಗಿದ.