ಹೆಸರು ಹಿಡಿದು ಕರೆಯಬೇಕು

ಚಂದ್ರಮತಿ ಗಂಡನ ತಣ್ಣಗಿನ ಕಿವಿಯ ಬಳಿ ಬಾಗಿದಳು. ಎಲ್ಲರಂತೆ ಮೈಯನ್ನು ಪ್ರಯಾಣಕೇಂದ್ರದ ಮಂಚದ ಮೇಲೆ ಬಿಟ್ಟು, ಶೇಷಗಿರಿಯ ಜೀವ ಜಪಾನ್ ಸುತ್ತಲು ಹೋಗಿತ್ತು; ಇಂದು ಮರಳುವ ದಿನ. ಪ್ಯಾಕೇಜ್ ಟೂರಾಗಿದ್ದರೆ ಗೈಡೇ ಹಾಜರಿ ಕೂಗಿ ಎಲ್ಲರನ್ನೂ ವಾಪಸು ಕರೆತರುತ್ತಿದ್ದ. "ಆ ಕುರಿಮಂದೆ ಜೊತೆ ಯಾರು ಹೋಗ್ತಾರೆ? ಕರೆಯೋಕೆ ನೀನಿದ್ದೀಯಲ್ಲ," ಎಂದು ಇವರು ಒಬ್ಬರೇ ಹೊರಟಿದ್ದರು.

"ಬೇಗ ಹೆಸರು ಕೂಗಿ ಅಮ್ಮಾ," ನರ್ಸು ಅವಸರಿಸಿದಳು. "ಬಾಗಿಲಲ್ಲಿ ಎಷ್ಟೋ ಜೀವ ಕಾಯ್ತಾ ನಿಂತಿವೆ. ಹೆಸರು ಕೇಳಿದ್ರೇನೇ ಇದು ಯಾರ ಮೈ ಅಂತ ಅವಕ್ಕೆ ಗೊತ್ತಾಗೋದು."

ಚಂದ್ರಮತಿ ಮದುವೆಯಾದಂದಿನಿಂದ ಒಮ್ಮೆಯೂ ಗಂಡನನ್ನು ಹೆಸರು ಹಿಡಿದು ಕರೆದವಳಲ್ಲ. ಅವಸರದಲ್ಲಿ ಬಾಯಿಗೆ ಬಂದದ್ದು ರೂಢಿಯ ಮಾತೇ.

"ರೀ, ಬನ್ರೀ!"

ಶೇಷಗಿರಿಯ ತುಟಿ ಅಲುಗಿತು. ದನಿಯೇನೋ ಅವರದೇ.

"ಬಂದೆ ತಡೀ ಪಾರವ್ವ, ಹಿಂಗ್ಯಾಕ ಒದರಾಕತ್ತಿ?"