ಗೋಪುರದ ಸೋಮವಾರ

ಲುಸಿಲ್ ಮೆಟ್ಟಿಲಲ್ಲಿ ಜಾರಲಿ ಎಂದು ಬಯಸಿದ್ದು ಪಾಪವೇ? ದಿನಚರಿಯಲ್ಲಿ ಹೀಗೆ ಬರೆದ ವರ್ನಾ ಇನ್ನೊಂದು ಸಾಲು ಸೇರಿಸಿದಳು: ಕಾಲು ಮುರಿಯುವುದು ಬೇಡ, ಉಳುಕಿದರೆ ಸಾಕು.

ತಲೆಯ ಮೇಲೆ ನಗು ಕೇಳಿಸಿತು. ಸೋಮವಾರ, ಬೆಳಗಿನ ಎಂಟು ಗಂಟೆ. ಗಡಿಯಾರಕ್ಕೆ ಕೀ ಕೊಡುವ ಆರ್ಲೋ ಕೌಂಟಿ ಕೋರ್ಟಿನ ಗೋಪುರದಲ್ಲಿದ್ದ. ಜೊತೆಯಲ್ಲಿ ಕೋರ್ಟಿನ ಕಚೇರಿಯಲ್ಲೇ ಕೆಲಸ ಮಾಡುವ ಲುಸಿಲ್. ಸತತ ಮೂರನೆಯ ವಾರ.

ಗೋಪುರದ ಕೆಳಗಿನ ದಾಖಲೆ ಕೋಣೆಯಲ್ಲಿ ವರ್ನಾ ಗುಮಾಸ್ತೆ. ಕಾಲೇಜಿನಲ್ಲಿ ಪ್ರಬಂಧ ಬರೆದದ್ದೂ ಈ ಕಟ್ಟಡದ ಮೇಲೆಯೇ. ಕೆಂಪು ಮರಳುಗಲ್ಲು ಯಾವ ಗಣಿಯದು, ಕಮಾನು ಕಡೆದವರು ಯಾರು, ಎಲ್ಲವೂ ಅವಳಿಗೆ ಬಾಯಿಪಾಠ. ಕೋರ್ಟು ಕಟ್ಟುವ ತೆರಿಗೆಗೆ ಉತ್ತರದ ರೈತರು ಒಪ್ಪಲಿಲ್ಲವೆಂದು ಆ ದಿಕ್ಕಿಗೆ ಮುಖಮಾಡಿದ ಗಡಿಯಾರದ ಬಿಲ್ಲೆಗೆ ಮುಳ್ಳುಗಳನ್ನೇ ಕೂರಿಸಿರಲಿಲ್ಲ. ವರ್ನಾ ಆ ಖಾಲಿ ಬಿಲ್ಲೆಯನ್ನೇ ನೋಡುತ್ತ ಬೆಳೆದ ಉತ್ತರದ ಹುಡುಗಿ.

ಇಷ್ಟೆಲ್ಲ ಬಲ್ಲವಳಿಗೆ ಆರ್ಲೋ ಎದುರಾದರೆ ನಾಲಗೆ ಏಳುತ್ತಿರಲಿಲ್ಲ. ಸೋಮವಾರ ಅವನು ಹತ್ತುವ ಸದ್ದಿಗೆ ಕಿವಿಗೊಟ್ಟು, ಕೈಯಲ್ಲಿದ್ದ ಕಾಗದ ಮರೆಯುತ್ತಿದ್ದಳು. ಪಕ್ಕದ ಮೇಜಿನ ಮಿಸೆಸ್ ಹಾಲ್ವರ್ಸನ್ ಇದನ್ನು ಎಂದೋ ಗಮನಿಸಿದ್ದರು. ಶುಕ್ರವಾರ ಆರ್ಲೋ ಒಮಾಹಾ ನಗರಕ್ಕೆ ಹೊರಡುತ್ತಾನೆ, ಮತ್ತೆ ಬರುವುದಿಲ್ಲ ಎಂದು ಸುದ್ದಿ ತಂದವರೂ ಅವರೇ.

"ಹಿಂಗೇ ಬಾಯಿ ಹೊಲ್ಕೊಂಡು ಕೂತಿರು ಮಗಳೇ. ಲುಸಿಲ್ ಹಾರಿಸ್ಕೊಂಡು ಹೋಗ್ತಾಳೆ."

ವರ್ನಾಳ ಮುಖ ಕೆಂಪಾಯಿತು.

ಅಷ್ಟರಲ್ಲಿ ಲುಸಿಲ್ ಇಳಿದು ಬಂದಳು. ತೋಳಿನ ಮೇಲೆ ಎಣ್ಣೆಯ ಕಲೆ. ಆ ಕಲೆಯಿಂದ ವರ್ನಾ ಕಣ್ಣು ಕೀಳಲಾರದೆ ಹೋದಳು.

"ಅಬ್ಬಾ, ನೂರ ಹನ್ನೆರಡು ಮೆಟ್ಟಿಲು. ನಂಗಂತೂ ಸಾಕಪ್ಪಾ ಸಾಕು," ಎಂದು ಲುಸಿಲ್ ಕುರ್ಚಿಗೆ ಕುಸಿದಳು. "ಆರ್ಲೋನೇ ಬಿಡಲ್ಲ ಅಂತಾನೆ."

ಬೇಡವೆನ್ನುವವಳಿಗೆ ಸಿಗುತ್ತಿದೆ. ವರ್ನಾ ದಿನಚರಿ ಮುಚ್ಚಿ ಎದ್ದಳು. ಮಿಸೆಸ್ ಹಾಲ್ವರ್ಸನ್ ಕಣ್ಣು ಮಿಟುಕಿಸಿದ್ದನ್ನು ನೋಡಿಯೂ ನೋಡದಂತೆ ಮೆಟ್ಟಿಲು ಹತ್ತಿದಳು. ಎಲ್ಲಿಯೂ ನಿಲ್ಲಲಿಲ್ಲ.

ಆರ್ಲೋ ಕೈ ಒರೆಸಿಕೊಳ್ಳುತ್ತಿದ್ದ. ಏದುಸಿರು ಬಿಡುತ್ತ ನಿಂತವಳನ್ನು ಕಂಡು ಮೊದಲು ಬೆಚ್ಚಿದ, ಆಮೇಲೆ ಅವನ ಮುಖ ಮೆತ್ತಗಾಯಿತು. ಹಾಲ್ವರ್ಸನ್ ಅಮ್ಮ ತನಗೆಲ್ಲ ಹೇಳಿದ್ದಾರೆ ಎಂದ. ಲುಸಿಲ್‌ಗೂ ತನಗೂ ಏನೂ ಇಲ್ಲ, ತನ್ನ ಜಾಗಕ್ಕೆ ಬರುವವಳೆಂದು ಕೆಲಸ ಕಲಿಸುತ್ತಿದ್ದೇನೆ ಅಷ್ಟೇ ಎಂದ.

"ನಂಗೆ ಗೊತ್ತೇ ಆಗ್ಲಿಲ್ಲ, ವರ್ನಾ. ನೀನು ಹೂಂ ಅಂದ್ರೆ ಒಮಾಹಾಕ್ಕೆ ಇಬ್ರೂ ಹೋಗೋಣ."

ವರ್ನಾ ಮೊದಲ ಸಲ ಅವನನ್ನು ನೇರವಾಗಿ ನೋಡಿದಳು.

"ನೀನು ಸುಖವಾಗಿ ಹೋಗು, ಆರ್ಲೋ. ಗಡಿಯಾರಕ್ಕೆ ಕೀ ಕೊಡೋ ಕೆಲಸ ಮಾತ್ರ ನಂಗೆ ಬಿಟ್ಟು ಹೋಗು."